ಇನ್ನು ಹತ್ತೇ ನಿಮಿಷ

ಆಪರೇಷನ್ ಥಿಯೇಟರಿನಲ್ಲಿ ಆ ನರ್ಸನ್ನು ಹೆಸರು ಹಿಡಿದು ಕರೆಯುವವರು ಯಾರೂ ಉಳಿದಿರಲಿಲ್ಲ. ಎಲ್ಲರಿಗೂ ಅವಳು ಗಡಿಯಾರದಕ್ಕ. ಕಾಲಿನ ಮೂಳೆ ಕೂಡಿಸುವ ಮುಂಚೆ ತೊಡೆಗೆ ಅಗಲವಾದ ಪಟ್ಟಿ ಸುತ್ತಿ ಗಾಳಿ ತುಂಬುತ್ತಾರೆ. ಕೆಳಗೆ ರಕ್ತ ಹರಿಯುವುದು ನಿಲ್ಲುತ್ತದೆ, ಡಾಕ್ಟರ ಕೆಲಸ ಸಲೀಸಾಗುತ್ತದೆ. ಆದರೆ ಕಾಲು ತಾನೇ ಎಷ್ಟು ಹೊತ್ತು ಉಪವಾಸ ಇದ್ದೀತು? ಎರಡು ಗಂಟೆ ದಾಟಿದರೆ ಮಾಂಸಕ್ಕೂ ನರಕ್ಕೂ ಅಪಾಯ. ಆ ಹೊತ್ತನ್ನು ಕಾಯುವುದು, ಕೂಗಿ ಹೇಳುವುದು ಅವಳ ಪಾಲಿನ ಕೆಲಸ. ದರ್ಜಿಯ ‘ನಾಳೆ’ಗೂ ದೊಡ್ಡ ಡಾಕ್ಟರ ‘ಹತ್ತು ನಿಮಿಷ’ಕ್ಕೂ ಕೊನೆಯಿಲ್ಲ ಎಂಬುದು ಇಪ್ಪತ್ತಾರು ವರ್ಷದಲ್ಲಿ ಅವಳು ಕಲಿತ ಪಾಠ.

ಅವತ್ತು ಮೇಜಿನ ಮೇಲೆ ಮಲಗಿದ್ದವಳು ದರ್ಜಿಯೇ. ಮೆಟ್ಟಿಲಿನಿಂದ ಬಿದ್ದು ಮಂಡಿಯ ಕೆಳಗೆ ಮೂಳೆ ಚೂರಾಗಿತ್ತು. ಒಳಗೆ ತಳ್ಳಿಕೊಂಡು ಬರುವಾಗ ಗಡಿಯಾರದಕ್ಕನ ಕೈ ಹಿಡಿದುಕೊಂಡಳು.

“ಅಕ್ಕಾ, ನಂದು ಕಾಲಲ್ಲಿ ತುಳಿಯೋ ಮಿಷಿನ್ನು. ಈ ಬಲಗಾಲಿಂದಲೇ ಹೊಟ್ಟೆಪಾಡು. ಸ್ವಲ್ಪ ನೋಡ್ಕೊಳ್ಳಿ.”

“ನೋಡ್ಕೋತೀನಮ್ಮ. ಗಡಿಯಾರ ಇಟ್ಕೊಂಡೇ ನೋಡ್ಕೋತೀನಿ.”

ಮಾತು ಕೊಡುವುದಕ್ಕೇನು ಖರ್ಚೇ? ಅದು ಆ ದಿನದ ಮೂರನೆಯ ಆಪರೇಷನ್ನು. ಗಡಿಯಾರದಕ್ಕನ ಪಾದ ಊದಿಕೊಂಡು ಚಪ್ಪಲಿ ಕೊರೆಯುತ್ತಿತ್ತು, ಸೊಂಟ ತನ್ನದಲ್ಲವೆನಿಸುತ್ತಿತ್ತು. ಪಟ್ಟಿಗೆ ಗಾಳಿ ತುಂಬಿದಾಗ, ಎಂದಿನಂತೆ ಒಂದು ತುಂಡು ಪ್ಲಾಸ್ಟರಿನ ಮೇಲೆ ‘12.20’ ಎಂದು ಬರೆದು ತನ್ನ ತೋಳಿಗೆ ಅಂಟಿಸಿಕೊಂಡಳು. ಒಂದಕ್ಕೆ ಐದು ನಿಮಿಷ ಇದೆ ಅನ್ನುವಾಗ ಕರೆಂಟು ಹೋಗಿ, ಕಣ್ಣು ಮಿಟುಕಿಸುವುದರೊಳಗೆ ಬಂತು. ಅಷ್ಟರಲ್ಲಿ ಪಟ್ಟಿಗೆ ಗಾಳಿ ತುಂಬುವ ಯಂತ್ರ ಒಮ್ಮೆ ಆರಿ ಹತ್ತಿಕೊಂಡಿತ್ತು. ಪಟ್ಟಿಯ ಬಿಗಿ ಹಾಗೇ ಇತ್ತು. ಯಂತ್ರ ಎಣಿಸುವ ನಿಮಿಷ ಮಾತ್ರ ಸೊನ್ನೆಯಿಂದ ಶುರುವಾಗಿತ್ತು. ಅದನ್ನು ಯಾರೂ ಗಮನಿಸಲಿಲ್ಲ.

ಯಾವತ್ತೂ ತೋಳು ನೋಡಿ ಹೊತ್ತು ಹೇಳುವವಳು ಅವತ್ತು ಸ್ಟೂಲಿನ ಮೇಲೆ ಕುಸಿದು ಯಂತ್ರವನ್ನೇ ನೋಡಿದಳು. ಅದು ಅರವತ್ತು ತೋರಿಸಿದಾಗ “ಒಂದು ಗಂಟೆ ಸಾರ್” ಎಂದು ಕೂಗಿದಳು. ಇನ್ನೂ ಹೊತ್ತಿದೆ ಅಂತ ಸಮಾಧಾನವೂ ಆಯಿತು. ಆಮೇಲೆ ಕನ್ನಡಕ ಒರೆಸಲು ಕೈ ಎತ್ತಿದಾಗ ಪ್ಲಾಸ್ಟರು ಕಣ್ಣಿಗೆ ಬಿತ್ತು. ಗೋಡೆಯ ಗಡಿಯಾರದಲ್ಲಿ ಎರಡು ಇಪ್ಪತ್ತೈದು.

ಎರಡು ಗಂಟೆ ದಾಟಿಹೋಗಿತ್ತು. ಹೇಳಿದರೆ ತನ್ನ ತಪ್ಪು ತಾನೇ ಒಪ್ಪಿಕೊಂಡ ಹಾಗೆ. ಗಡಿಯಾರದಕ್ಕನಿಗೇ ಹೊತ್ತು ತಪ್ಪಿತು ಅಂತ ಆಸ್ಪತ್ರೆಯೆಲ್ಲ ನಗುತ್ತದೆ. ಸುಮ್ಮನಿದ್ದರೆ ಯಾರಿಗೂ ಗೊತ್ತಾಗುವುದಿಲ್ಲ. ಹನ್ನೊಂದು ವರ್ಷದ ಹಿಂದೆ ಹೀಗೇ ಹೊತ್ತು ಮೀರಿದಾಗ ಇನ್ನೊಬ್ಬ ಡಾಕ್ಟರಿಗೆ ಹೆದರಿ ಸುಮ್ಮನಿದ್ದಳು. ಆ ರೋಗಿಯ ಪಾದ ಜೋತುಬಿದ್ದು ಮೇಲೇಳಲೇ ಇಲ್ಲ. ಇವತ್ತಿಗೂ ಅವನು ಕಾಲೆಳೆದುಕೊಂಡು ಔಷಧಿಗೆ ಬರುತ್ತಾನೆ, ಪಾಪ, ಅವಳಿಗೇ ನಮಸ್ಕಾರ ಹೇಳುತ್ತಾನೆ.

“ಸಾರ್, ಪಟ್ಟಿ ಬಿಡಬೇಕು. ಎರಡು ಗಂಟೆ ಐದು ನಿಮಿಷ ಆಗಿದೆ.”

“ಯಂತ್ರ ಒಂದೂವರೆ ಅಂತಿದೆಯಲ್ಲ,” ಎಂದರು ಅರಿವಳಿಕೆ ಡಾಕ್ಟರು.

“ಕರೆಂಟ್ ಹೋದಾಗ ಅದು ಮೊದಲಿಂದ ಎಣಿಸಿದೆ. ನಾನೂ ಅದನ್ನೇ ನಂಬ್ಕೊಂಡು ಕೂತೆ. ತಪ್ಪು ನಂದೇ.”

ದೊಡ್ಡ ಡಾಕ್ಟರು ತಲೆ ಎತ್ತಲಿಲ್ಲ. “ಎರಡೇ ಸ್ಕ್ರೂ ಬಾಕಿ. ಇನ್ನು ಹತ್ತೇ ನಿಮಿಷ ಅಕ್ಕ.”

“ಆಗಲ್ಲ ಸಾರ್.”

ಆ ಮಾತನ್ನು ಅವಳು ಯಾವ ಡಾಕ್ಟರಿಗೂ ಆಡಿದವಳಲ್ಲ. ಎದ್ದುಹೋಗಿ ತನ್ನ ತೋಳನ್ನು ಅವರ ಕಣ್ಣಿಗೆ ಕಾಣುವಂತೆ ಹಿಡಿದು ನಿಂತಳು. ಅವರು ಒಮ್ಮೆ ಅಂಕಿ ನೋಡಿದರು, ಒಮ್ಮೆ ಗೋಡೆ ನೋಡಿದರು.

“ಬಿಡಿ,” ಎಂದರು.

ಗಾಳಿ ಬುಸ್ಸೆಂದು ಹೊರಗೆ ಬಂತು. ಮೇಣದಂತೆ ಬಿಳಿಚಿದ್ದ ಪಾದಕ್ಕೆ ಬೆರಳ ತುದಿಯವರೆಗೂ ಬಣ್ಣ ಬಂತು. ದೊಡ್ಡ ಡಾಕ್ಟರು ಗಾಯವನ್ನು ಬಟ್ಟೆಯಿಂದ ಒತ್ತಿ ಹಿಡಿದು, ಗೊಣಗುತ್ತಾ ಕಾದರು. ಉಳಿದ ಎರಡು ಸ್ಕ್ರೂಗಳನ್ನು ಪಟ್ಟಿಯಿಲ್ಲದೆಯೇ ಕೂರಿಸಿದರು.

ಬಣ್ಣ ಬಂದ ಮಾತ್ರಕ್ಕೆ ನರ ಉಳಿಯಿತು ಅನ್ನುವ ಹಾಗಿಲ್ಲ. ಬೆನ್ನಿಗೆ ಕೊಟ್ಟ ಅರಿವಳಿಕೆ ಇಳಿದು, ಪಾದ ತಾನಾಗಿ ಮೇಲೆ ಎದ್ದರೆ ಮಾತ್ರ ನಂಬಬೇಕು. ನಾಲ್ಕಕ್ಕೆ ಅವಳ ಡ್ಯೂಟಿ ಮುಗಿಯಿತು, ಎರಡು ಬಸ್ಸು ಹೋದವು. ಅವಳು ಹೊರಗಿನ ಕೋಣೆಯಲ್ಲಿ ದರ್ಜಿಯ ಮಂಚದ ಕಾಲದೆಸೆಯಲ್ಲಿ ಕೂತೇ ಇದ್ದಳು.

“ಹೆಬ್ಬೆರಳು ಎತ್ತಮ್ಮ.”

“ಎಲ್ಲಿದೆ ಅಕ್ಕಾ ಅದು?” ಎಂದಳು ದರ್ಜಿ, ಮಂಪರಿನಲ್ಲಿ.

ನಗಬೇಕಾದ ಮಾತು, ಗಡಿಯಾರದಕ್ಕನಿಗೆ ಅಳು ಬಂತು. ಆಗ ದೊಡ್ಡ ಡಾಕ್ಟರು ಬಂದು ಇನ್ನೊಂದು ಸ್ಟೂಲು ಎಳೆದುಕೊಂಡರು. ಅವರ ಮುಖವೂ ಬಾಡಿತ್ತು.

“ನೀವು ಮನೆಗೆ ಹೋಗಿ. ನಾನಿರ್ತೀನಿ.”

“ಇನ್ನು ಹತ್ತೇ ನಿಮಿಷ ಸಾರ್.”

ಅವರು ನಗಲಿಲ್ಲ. ಇಬ್ಬರೂ ಆ ಪಾದವನ್ನು ನೋಡುತ್ತಾ ಕೂತರು. ಹತ್ತು ಹೋಗಿ ಐವತ್ತಾಯಿತು. ದರ್ಜಿಗೆ ಮತ್ತೆ ಜೋಂಪು ಹತ್ತಿತ್ತು. ಹೊದಿಕೆಯ ಹೊರಗಿದ್ದ ಬಲಪಾದ ಮೊದಲು ಅಷ್ಟಿಷ್ಟು ಕೆಳಗೆ ಒತ್ತಿತು. ಆಮೇಲೆ ಮೆಲ್ಲಗೆ ಮೇಲೆ ಎದ್ದಿತು. ಮತ್ತೆ ಕೆಳಗೆ, ಮತ್ತೆ ಮೇಲೆ. ನಿದ್ದೆಯಲ್ಲಿ ಅವಳು ಹೊಲಿಯುತ್ತಿದ್ದಳು.

ಗಡಿಯಾರದಕ್ಕ ತೋಳಿನ ಪ್ಲಾಸ್ಟರು ಕಿತ್ತು, ಚಪ್ಪಲಿ ಕೈಯಲ್ಲಿ ಹಿಡಿದುಕೊಂಡು, ಬರಿಗಾಲಲ್ಲಿ ಬಸ್ಸಿಗೆ ಹೊರಟಳು.