ಮೊದಲ ಬಣ್ಣ

೨೦೨೪ರ ಫೆಬ್ರುವರಿ ೧೧, ಭಾನುವಾರ, ಬೆಳಿಗ್ಗೆ ಆರು ಗಂಟೆ ಇಪ್ಪತ್ತು ನಿಮಿಷ. ಹಿರೇಬೆಂಡಿಗೇರಿಯ ತವರುಮನೆಯಲ್ಲಿ ಸುಜಾತಾ ಎದ್ದು ಕುಳಿತಾಗ ಕಾಲುಂಗುರ ಬೆರಳಿನ ಮಾಂಸದೊಳಗೆ ಹೂತುಹೋಗಿತ್ತು. ರೆಪ್ಪೆಗಳು ಅರ್ಧಕ್ಕಷ್ಟೇ ತೆರೆದವು. ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದ ತಾಯಿ ಅಡಿವೆವ್ವ, ಹಿಟ್ಟಿನ ಕೈಯಲ್ಲೇ ಮಗಳಿಗೆ ನೆಟಿಕೆ ಮುರಿದಳು.

"ಮಾರಿ ಹೆಂಗ ತುಂಬೇತಿ ನೋಡ! ಟಿ.ವಿ.ಯಾಗ ಕಾಣೂದಕಿಂತ ಛಂದ ಕಾಣಾಕತ್ತಿ."

"ಬಾವು ಬಂದೈತಿಬೇ ಅವ್ವ. ಸಂಜಿಗೆ ಇಳೀತೈತಿ."

"ಬಾವಲ್ಲ, ಲಕ್ಷ್ಮೀಕಳೆ."

ಬೆಂಗಳೂರಿನ ಧಾರಾವಾಹಿಯವರೂ ಅದನ್ನೇ ಹೇಳಿದ್ದರು. ಜಮೀನ್ದಾರರ ಸೊಸೆಯ ಪಾತ್ರಕ್ಕೆ ಈ ತುಂಬು ಮುಖ ಒಪ್ಪುತ್ತದೆಂದು ಕ್ಯಾಮೆರಾವನ್ನು ಇನ್ನಷ್ಟು ಹತ್ತಿರ ತಂದಿದ್ದರು.

ಸುಜಾತಾ ಬಣ್ಣದ ಬದುಕಿಗೆ ಬಂದದ್ದು ಹನ್ನೊಂದನೆಯ ವಯಸ್ಸಿನಲ್ಲಿ. ಶಾಲೆಯ ಗ್ಯಾದರಿಂಗಿನಲ್ಲಿ ಅವಳ ಹಾಡು ಕೇಳಿದ ಶಿಗ್ಗಾಂವಿಯ ನಾಟಕದ ಮಾಸ್ತರ ಚನ್ನವೀರಪ್ಪನವರು, "ದನಿ ಬಂಗಾರ, ಬಣ್ಣ ಇದ್ದಲಿ" ಎಂದಿದ್ದರು. ಅವರ ಸಂಘದಲ್ಲಿ ಕಪ್ಪು ಹುಡುಗಿಯರಿಗೆ ದಾಸಿಯ ಪಾತ್ರವೊಂದೇ. ನಾಯಕಿಯಾಗಲು ಆರಿಸಿದವಳಿಗೆ ಮಾಸ್ತರರು ರಂಗದ ಮೇಲೆ ತಾವೇ ಒಂದು ಕ್ರೀಮು ಹಚ್ಚಿ 'ಮೊದಲ ಬಣ್ಣ' ಮಾಡುತ್ತಿದ್ದರು. ಅಂದಿನಿಂದ ಅವಳು ಅದನ್ನು ದಿನಕ್ಕೆರಡು ಬಾರಿ ಹಚ್ಚಿಕೊಳ್ಳಬೇಕು, ನಾಟಕವಿರಲಿ ಇಲ್ಲದಿರಲಿ. ಡಬ್ಬಿಗೆ ಹೆಸರಿರಲಿಲ್ಲ. ಕೇಳಿದರೆ, "ಬಾದಾಮಿ, ಕೇಸರಿ, ನನ್ನ ಕೈಗುಣ" ಎನ್ನುತ್ತಿದ್ದರು.

ಹುಡುಗಿ ಬೆಳ್ಳಗಾದಳು. ಹಾನಗಲ್ಲಿನ, ಹಿರೇಕೆರೂರಿನ ಹಳ್ಳಿಗಳಲ್ಲಿ ದ್ರೌಪದಿಯೆಂದರೆ ಸುಜಾತಾಳೇ ಎಂಬ ಮಾತು ಹುಟ್ಟಿತು. ಮುಂದೆ ಎರಡು ಸಿನಿಮಾ, ಆಮೇಲೆ ಧಾರಾವಾಹಿ. ಡಬ್ಬಿ ಮಾತ್ರ ತಪ್ಪದೆ ಶಿಗ್ಗಾಂವಿಯಿಂದ ಬರುತ್ತಿತ್ತು.

ಆ ಬಾಲ್ಯದ ಒಂದು ನೆನಪನ್ನು ಅವಳು ಬಹಳ ಜೋಪಾನವಾಗಿ ಇಟ್ಟುಕೊಂಡಿದ್ದಳು. ಒಂದು ಮಧ್ಯಾಹ್ನ ಮಾಸ್ತರರ ಮಗಳು, ಅವಳದೇ ವಾರಿಗೆಯ ಸುಧಾರಾಣಿ, ಆಸೆಯಿಂದ ಡಬ್ಬಿಯಲ್ಲಿ ಬೆರಳದ್ದಿದಳು. ಮಾಸ್ತರರು ಓಡಿಬಂದು ಆ ಕೈಗೆ ಫಟ್ಟನೆ ಬಾರಿಸಿದರು. ತಾವೇ ಸೋಪು ಹಚ್ಚಿ ತೊಳೆದರು. ಸುಧಾರಾಣಿ ಬಿಕ್ಕಿ ಬಿಕ್ಕಿ ಅತ್ತಳು. ಸ್ವಂತ ಮಗಳಿಗೂ ಕೊಡದೆ ನನಗಾಗಿ ಇಟ್ಟಿದ್ದಾರಲ್ಲ ಎಂದು ಸುಜಾತಾಳ ಎದೆ ಉಬ್ಬಿತ್ತು. ತಂದೆಯಿಲ್ಲದ ಹುಡುಗಿ ಅಂದೇ ಅವರನ್ನು ತಂದೆಯೆಂದುಕೊಂಡಳು.

ಆ ಭಾನುವಾರ, ಅಜ್ಜಿಯ ಹತ್ತಿರವೇ ಬೆಳೆಯುತ್ತಿದ್ದ ಎಂಟು ವರ್ಷದ ಮಗಳು ಮಾದೇವಿ ಹಿತ್ತಲಿನಿಂದ ಬಂದು ಕೊರಳಿಗೆ ಜೋತುಬಿದ್ದಳು. ಮಗುವಿನ ಕಪ್ಪು ಕುತ್ತಿಗೆಯ ಮೇಲೆ ಮುಖ ಮಾತ್ರ ಬೂದುಬೂದಾಗಿತ್ತು.

"ಆಯಿ ಹಚ್ಯಾಳ," ಎಂದಿತು ಮಗು, ಅಜ್ಜಿಯತ್ತ ಬೆರಳು ಮಾಡಿ.

"ಮುಂದಿನ ತಿಂಗಳ ಸವಣೂರಾಗ ಆಕೀದೂ ಮೊದಲ ಬಣ್ಣ," ಎಂದಳು ಅಡಿವೆವ್ವ. "ಮಾಸ್ತರ ಡಬ್ಬಿ ಕೊಟ್ಟ ಕಳಿಸ್ಯಾರ. ಈಗಿಂದ ಹದಾ ಆಗ್ಲಿ."

ಮರುದಿನ ಸುಜಾತಾ ಹುಬ್ಬಳ್ಳಿಗೆ ಹೋಗಿ ಬಾವನ್ನು ತೋರಿಸಿದಳು. ಮೂತ್ರ ಪರೀಕ್ಷೆಯಾದ ಮೇಲೆ ಡಾಕ್ಟರ್ ಶೈಲಶ್ರೀ ಕೇಳಿದ್ದು ಒಂದೇ ಪ್ರಶ್ನೆ: "ಮುಖಕ್ಕ ಏನ ಹಚ್ತೀರಿ?"

ಸುಜಾತಾ ಚೀಲದಿಂದ ಡಬ್ಬಿ ತೆಗೆದಿಟ್ಟಳು, ಮಗಳಿಗೂ ಹಚ್ಚುತ್ತಿರುವುದನ್ನು ಹೇಳಿದಳು. ಡಾಕ್ಟರು ಚಿತ್ರ ಬರೆದು ತಿಳಿಸಿದರು. ಇಂಥ ಕ್ರೀಮುಗಳಲ್ಲಿ ಅನೇಕ ಸಲ ಪಾದರಸ ಇರುತ್ತದೆ. ಚರ್ಮದಲ್ಲಿ ಕಪ್ಪು ಬಣ್ಣ ಹುಟ್ಟುವುದನ್ನು ಅದು ತಡೆಯುತ್ತದೆ. ಆದರೆ ಚರ್ಮದಲ್ಲೇ ನಿಲ್ಲದೆ ರಕ್ತಕ್ಕಿಳಿದು ಮೂತ್ರಪಿಂಡದಲ್ಲಿ ಕೂರುತ್ತದೆ; ಬಾವು ಬರುವುದು ಅದರಿಂದ.

"ಬಿಟ್ಟ ಮ್ಯಾಲೆ ಭಾಳ ಮಂದಿ ಸುಧಾರಿಸ್ತಾರ. ನಿಮಗ ವರ್ಷ ಭಾಳ ಆಗ್ಯಾವು, ನೋಡೋಣು. ಮಗಳಿಗೆ ಮಾತ್ರ ಇವತ್ತ ನಿಲ್ಲಸ್ರಿ." ಚಮಚದಷ್ಟು ಕ್ರೀಮನ್ನು ಪ್ರಯೋಗಾಲಯಕ್ಕೆ ಕಳಿಸಿದರು.

ಶಿಗ್ಗಾಂವಿಯ ಬಸ್ಸಿನ ಕಿಟಕಿಗೆ ತಲೆಯಾನಿಸಿ ಕುಳಿತಾಗ ಆ ಹಳೆಯ ಪೆಟ್ಟಿನ ಸದ್ದು ಮತ್ತೆ ಕೇಳಿಸಿತು. ಮಾಸ್ತರರು ಅಂದು ಕಾಯ್ದದ್ದು ಡಬ್ಬಿಯನ್ನಲ್ಲ, ಮಗಳನ್ನು.

ಮನೆಯಲ್ಲಿ ಅಡಿವೆವ್ವ ಒಪ್ಪಲಿಲ್ಲ. "ನಮ್ಮನ್ನ ಮಂದಿ ಕಟ್ಟಿ ಹತ್ತಗೊಡತಿದ್ದಿಲ್ಲ. ಅಂಥಾದ್ರಾಗ ಆ ದೊಡ್ಡ ಮನಿತನದ ಕೈ ನಿನ್ನ ಗಲ್ಲ ಮುಟ್ಟಿತು. ಆ ಕೈ ವಿಷ ಹಚ್ಚತೈತೇನ? ಕರೀ ದ್ರೌಪದೀನ್ನ ಯಾರ ನೋಡತಿದ್ರು?"

"ದ್ರೌಪದಿ ಕಪ್ಪಗ ಇದ್ಲಬೇ. ಭಾರತದಾಗ ಹಂಗ ಐತಿ. ನಾನ ಬೆಳ್ಳಗ ಬಳಕೊಂಡ ಆಕಿ ಪಾರ್ಟ ಮಾಡೇನಿ."

"ಭಾರತ ಓದಿದವ್ರು ಕನ್ಯಾ ನೋಡಾಕ ಬರಂಗಿಲ್ಲ ತಗಿ!"

ಸುಜಾತಾ ವಾದ ಬೆಳೆಸಲಿಲ್ಲ, ಸವಣೂರಿಗೆ ಹೋಗುವುದನ್ನೂ ಬೇಡವೆನ್ನಲಿಲ್ಲ. ಮನೆಯಲ್ಲಿದ್ದ ಡಬ್ಬಿಯನ್ನು ಎತ್ತಿಟ್ಟಳು, ತಾನೂ ಹಚ್ಚುವುದನ್ನು ಬಿಟ್ಟಳು. ಸವಣೂರಿನ ಕಾರ್ಯಕ್ರಮದ ಹಿಂದಿನ ದಿನ ಡಾಕ್ಟರು ಪ್ರಯೋಗಾಲಯದ ವರದಿ ತಿಳಿಸಲು ಫೋನು ಮಾಡಿದರು.

ಮರುದಿನ ಸಂಜೆ ಸವಣೂರಿನ ರಂಗದ ಮೇಲೆ ಮಾದೇವಿ ಮಣೆಯ ಮೇಲೆ ಕುಳಿತಿದ್ದಳು. ಪಕ್ಕದಲ್ಲಿ ಸುಜಾತಾ ಮುಖಕ್ಕೆ ಏನನ್ನೂ ಹಚ್ಚದೆ ನಿಂತಿದ್ದಳು. ಸುಧಾರಾಣಿ ತಟ್ಟೆ ಹಿಡಿದಿದ್ದಳು. ಮಾಸ್ತರರು ಡಬ್ಬಿಯಲ್ಲಿ ಬೆರಳದ್ದಿ ಮಗುವಿನತ್ತ ಬಾಗಿದಾಗ ಸುಜಾತಾ ಅವರ ಮಣಿಕಟ್ಟು ಹಿಡಿದಳು.

"ಮಾಸ್ತರ್ರ, ಮದ್ಲ ಸುಧಾರಾಣಿಗೆ ಹಚ್ರಿ."

ಜನ ನಕ್ಕರು. ಮಾಸ್ತರರೂ ನಕ್ಕರು. "ಆಕಿ ಎಲ್ಲಿ ಪಾರ್ಟ ಮಾಡ್ತಾಳ, ಹುಚ್ಚಿ?"

"ಪಾರ್ಟಿಗಲ್ರಿ. ಬಾದಾಮಿ, ಕೇಸರಿ ಅಲ್ರೀ? ಒಂದ ಬೊಟ್ಟು."

ಸುಧಾರಾಣಿ ಸುಜಾತಾಳ ಮುಖ ನೋಡಿದಳು, ತಂದೆಯ ಮುಖ ನೋಡಿದಳು. ತಟ್ಟೆ ಕೆಳಗಿಟ್ಟು ಗಲ್ಲ ಮುಂದೆ ಮಾಡಿದಳು. "ಹಚ್ಚಪಾ."

ಬೆರಳು ಅಲ್ಲೇ ನಿಂತಿತು. ಮಾಸ್ತರರು ಬೆರಳನ್ನು ಹೆಗಲ ಟವೆಲ್ಲಿಗೆ ಒರೆಸಿಕೊಂಡು ಮೆಲ್ಲಗೆ ಅಂದರು: "ಸುಜಾ, ನಿನಗ ಇಷ್ಟ ವರ್ಷ ಏನೂ ಆಗಿದ್ದಿಲ್ಲಲವಾ..."

ಮೈಕು ಆ ಮಾತನ್ನು ಕಟ್ಟಕಡೆಯ ಸಾಲಿಗೂ ಮುಟ್ಟಿಸಿತು.

"ಹಂಗಾರ ಆಗತೈತಿ ಅಂತ ನಿಮಗ ಗೊತ್ತಿತ್ತು," ಎಂದಳು ಸುಜಾತಾ. "ನಾ ನಿಮ್ಮನ್ನ ಅಪ್ಪ ಅಂದಕೊಂಡಿದ್ದೆರಿ."

ಮುಂದಿನ ಸಾಲಿನಲ್ಲಿದ್ದ ಅಡಿವೆವ್ವ ಎದ್ದು ರಂಗ ಹತ್ತಿದಳು. ಮಾಸ್ತರರತ್ತ ಕಣ್ಣೆತ್ತಿಯೂ ನೋಡದೆ, ಏನನ್ನೂ ಹಚ್ಚಿರದ ಮೊಮ್ಮಗಳ ಮುಖವನ್ನು ಸೆರಗಿನಿಂದ ಒರೆಸಿದಳು. ಮತ್ತೆ ಮತ್ತೆ ಒರೆಸಿದಳು.

ಸುಜಾತಾ ಮೈಕಿನ ಮುಂದೆ ಬಂದಳು. ಹೆಣ್ಣುಮಕ್ಕಳು ಕುಳಿತಿದ್ದ ಬದಿಗೆ ತಿರುಗಿ, ಡಾಕ್ಟರು ಹೇಳಿದ್ದನ್ನು ಒಂದಕ್ಷರ ಏರಿಸದೆ ಇಳಿಸದೆ ಹೇಳಿದಳು. ಒಂದು ಕಿಲೋ ಕ್ರೀಮಿನಲ್ಲಿ ಕಾನೂನು ಸಹಿಸುವ ಪಾದರಸ ಒಂದು ಮಿಲಿಗ್ರಾಂ. ಮಾಸ್ತರರ ಈ ಕ್ರೀಮಿನಲ್ಲಿ ಕಿಲೋಗೆ ಇದ್ದದ್ದು ಹನ್ನೊಂದು ಸಾವಿರದ ಆರುನೂರು ಮಿಲಿಗ್ರಾಂ.