ಪರಿಚಯದವಳ ಆಟಕ್ಕೆ ಮೂರು ಚುಕ್ಕಿ

ಮೊದಲೇ ಕ್ಷಮೆ ಕೇಳಿಬಿಡುತ್ತೇನೆ. ಮೊಬೈಲಿನ ಆಟವೊಂದರ ಮೇಲೆ ಕತೆ ಹೇಳುವಷ್ಟು ಏನಿದೆ ಎಂದು ಯಾರಾದರೂ ಕೇಳಿದರೆ ನನ್ನಲ್ಲಿ ಸರಿಯಾದ ಉತ್ತರವಿಲ್ಲ. ಇದನ್ನು ಹೇಳಲು ನನಗಿಂತ ತಕ್ಕವರು ಇರಬಹುದು. ಆದರೆ ತಾಯಿಯ ಮಾತನ್ನೂ ಮಗಳ ಮಾತನ್ನೂ ಅಂಗಡಿಯ ಗಾಜಿನ ಕೌಂಟರಿನ ಈಚೆ ನಿಂತು ಕೇಳಿಸಿಕೊಂಡವನು ನಾನು. ತಪ್ಪಿದ್ದರೆ ಓದುವವರು ಹೊಟ್ಟೆಗೆ ಹಾಕಿಕೊಳ್ಳಬೇಕು.

ಹುಣಸೂರು ಬಸ್ ಸ್ಟ್ಯಾಂಡಿನ ಎದುರು ಸಾಲಿನ ಮೊಬೈಲ್ ಅಂಗಡಿಯೊಂದರಲ್ಲಿ ನಾನು ಕೆಲಸಕ್ಕಿದ್ದೇನೆ. ಡಿಸ್‌ಪ್ಲೇ ಬದಲಿಸುವುದು, ಗ್ಲಾಸ್ ಅಂಟಿಸುವುದು, ಚಾರ್ಜಿಂಗ್ ಪಿನ್ನಿನ ಧೂಳು ತೆಗೆಯುವುದು, ಇಂಥ ಕೆಲಸ. ಮೈಸೂರಿನಲ್ಲಿ ಸಂಜೆ ಕಾಲೇಜಿಗೆ ಹೋಗಿ ಬಿ.ಎ. ಮುಗಿಸಿದ್ದೇನೆ. ಪಿರಿಯಾಪಟ್ಟಣದ ಮೇಷ್ಟರೊಬ್ಬರು ಒಂದು ಕನ್ನಡ ವೆಬ್‌ಸೈಟ್ ನಡೆಸುತ್ತಾರೆ. ಅದಕ್ಕೆ ಮೊಬೈಲ್ ಆಟಗಳ ವಿಮರ್ಶೆ ಬರೆಯುವುದರಲ್ಲಿ ಆ ಓದು ಅಷ್ಟಿಷ್ಟು ಬಳಕೆಗೆ ಬರುತ್ತದೆ. ಅದನ್ನೇ ಚಿಕ್ಕದು ಮಾಡಿ, ಆಟ ಇಳಿಸಿಕೊಳ್ಳುವ ಸ್ಟೋರಿನಲ್ಲೂ ಹಾಕುತ್ತೇನೆ. ಕೊನೆಯ ಹಂತದವರೆಗೆ ಆಡದೆ ಯಾವ ಆಟಕ್ಕೂ ಐದರಲ್ಲಿ ಇಷ್ಟು ಎಂದು ಚುಕ್ಕಿ ಕೊಟ್ಟವನಲ್ಲ. ಓದುವವರು ಕಡಿಮೆ. ಅದರಲ್ಲೂ ಅರ್ಧ ಜನ ಮೇಷ್ಟರ ಹಳೆಯ ವಿದ್ಯಾರ್ಥಿಗಳು.

ನಮ್ಮದು ಹನಗೋಡಿನಿಂದ ಆಚೆಗಿನ ಹಳ್ಳಿ. ನಮ್ಮ ಬೀದಿಯ ರಾಚಮ್ಮ ನನಗೆ ವರಸೆಯಲ್ಲಿ ಚಿಕ್ಕವ್ವ. ಅವಳ ಮಗಳು ನಂದಿತಾ ಡಿಪ್ಲೊಮಾ ಓದಿ, ಬಿಳಿಕೆರೆ ಕಡೆಯ ಗಾರ್ಮೆಂಟ್ಸ್‌ಗೆ ಹೋಗುತ್ತಿದ್ದಳು. ರಜೆಯ ದಿನಗಳಲ್ಲಿ, ಸೆಕೆಂಡ್ ಹ್ಯಾಂಡ್ ಲ್ಯಾಪ್‌ಟಾಪಿನಲ್ಲಿ, ಯಾರಿಗೂ ಹೇಳದೆ ಒಂದು ಆಟ ಕಟ್ಟಿದ್ದಳು. ಹೆಸರು ‘ತಲೆಕೆಳಗು’. ಮೈಸೂರಿನಲ್ಲಿ ಆಟಗಳನ್ನು ತಯಾರಿಸುವ ಸಣ್ಣ ಕಂಪನಿಯೊಂದು ಅವಳನ್ನು ಕೆಲಸಕ್ಕೆ ನೋಡುತ್ತೇವೆ ಎಂದಿತ್ತು. ಒಂದು ಷರತ್ತು ಮಾತ್ರ: ಆಟವನ್ನು ಸ್ಟೋರಿಗೆ ಹಾಕಿ, ಗುರುತಿಲ್ಲದ ಜನ ಆಡಿ ಏನನ್ನುತ್ತಾರೆ ಎಂಬುದನ್ನು ತಂದು ತೋರಿಸಬೇಕು. ಆ ಕೆಲಸ ಸಿಕ್ಕರೆ ಅವಳು ಅಂಗಿಯ ಕಾಲರ್ ಹೊಲಿಯುವುದನ್ನು ಬಿಟ್ಟು, ತನಗೆ ಬರುವ ಕೆಲಸವನ್ನು ಹಗಲು ಹೊತ್ತು ಮಾಡಬಹುದಿತ್ತು. ಅವಳಿಗೆ ಬೇಕಿದ್ದದ್ದು ಅಷ್ಟೇ.

ಆಟ ಹೀಗಿದೆ. ಎರಡು ಜಡೆಯ ಹುಡುಗಿಯೊಬ್ಬಳು ಬ್ಯಾರನ್ ಒಳಗೆ ಓಡುತ್ತಿರುತ್ತಾಳೆ. ಹೊಗೆಸೊಪ್ಪನ್ನು ಬಿಸಿಗಾಳಿಯಲ್ಲಿ ಬೇಯಿಸುವ ಎತ್ತರದ ಕೋಣೆಗೆ ನಮ್ಮ ಕಡೆ ಬ್ಯಾರನ್ ಎನ್ನುತ್ತಾರೆ. ಒಳಗೆ ಒಂದರ ಮೇಲೊಂದು ಸಾಲಾಗಿ ಮರದ ತೊಲೆಗಳು, ಅವುಗಳ ಮೇಲೆ ಕಡ್ಡಿಗೆ ಕಟ್ಟಿ ನೇತುಹಾಕಿದ ಸೊಪ್ಪು. ಪರದೆ ಮುಟ್ಟಿದರೆ ಗುರುತ್ವ ತಿರುಗುತ್ತದೆ. ಹುಡುಗಿ ಮೇಲಕ್ಕೆ ಬಿದ್ದು ಚಾವಣಿಯಲ್ಲಿ ಓಡುತ್ತಾಳೆ. ನೇತಾಡುತ್ತಿದ್ದ ಸೊಪ್ಪು ಹೊಲದಲ್ಲಿ ನಿಂತ ಗಿಡದಂತೆ ನೆಟ್ಟಗಾಗುತ್ತದೆ. ಮತ್ತೆ ಮುಟ್ಟಿದರೆ ಮತ್ತೆ ಕೆಳಗೆ. ಹಂತ ಏರಿದಂತೆ ಸೊಪ್ಪಿನ ಹಸಿರು ಹಳದಿಗೆ ತಿರುಗುತ್ತದೆ. ಹುಡುಗಿಯ ಮೈ ಮೊದಲು ಬೀಳುತ್ತದೆ, ಜಡೆಗಳು ಒಂದು ಗಳಿಗೆ ತಡೆದು ಬೀಳುತ್ತವೆ. ಎಷ್ಟೋ ದೊಡ್ಡ ಕಂಪನಿಗಳ ಆಟ ಆಡಿದ್ದೇನೆ, ಇಂಥದ್ದನ್ನು ನೋಡಿರಲಿಲ್ಲ.

ನಂದಿತಾ ಆಟವನ್ನು ಸ್ಟೋರಿಗೆ ಹಾಕಿ, ಕಂಪನಿಯ ಷರತ್ತನ್ನು ಮನೆಯಲ್ಲಿ ಹೇಳಿದಳು. ರಾಚಮ್ಮನಿಗೆ ‘ಗುರುತಿಲ್ಲದ’ ಎಂಬುದು ಮುಖ್ಯವೆನಿಸಲಿಲ್ಲ, ‘ಜನ’ ಎಂಬುದು ಮುಖ್ಯವೆನಿಸಿತು. ಜನ ಬೇಕಾದರೆ ನಮ್ಮಲ್ಲಿ ಮುಯ್ಯಾಳು ಕೂಡಿಸುತ್ತಾರೆ. ಇವತ್ತು ನಿಮ್ಮ ಹೊಲಕ್ಕೆ ನಾನು ಬಂದರೆ, ನಾಳೆ ನನ್ನ ಹೊಲಕ್ಕೆ ನೀವು ಬರಬೇಕು. ಕೂಲಿಯ ಮಾತಿಲ್ಲ. ಬರದಿದ್ದರೆ ಆ ಮನೆಯ ಜೊತೆ ಮಾತು ನಿಲ್ಲುತ್ತದೆ.

ಒಂದು ಭಾನುವಾರ ನಂದಿತಾ ಓವರ್‌ಟೈಮ್‌ಗೆ ಹೋಗಿದ್ದಳು. ರಾಚಮ್ಮ ಮನೆ ಮನೆಗೆ ಹೋಗಿ ಮುಯ್ಯಿ ಕರೆದಳು. ಯಾರ ಯಾರ ಕಳೆ ಕೀಳಲು, ನಾಟಿಗೆ, ಸೊಪ್ಪು ಕಟ್ಟಲು ಹೋಗಿದ್ದಳೋ ಅವರೆಲ್ಲ ತಮ್ಮದೋ ಮಕ್ಕಳದೋ ಮೊಬೈಲ್ ಹಿಡಿದು ಬಂದರು. ಜಗಲಿಯಲ್ಲಿ ಮನೆಯ ವೈಫೈ ಸಿಗುತ್ತಿತ್ತು. ರಾಚಮ್ಮನ ಗಂಡ ಮಾದೇವ ಪಾಸ್‌ವರ್ಡ್ ಹಾಕಿಕೊಟ್ಟು, ಎಲ್ಲಿ ಒತ್ತಬೇಕೆಂದು ಒಬ್ಬೊಬ್ಬರಿಗೂ ಬೆರಳು ಹಿಡಿದು ತೋರಿಸಿದ. ಕಾಫಿ, ಮಂಡಕ್ಕಿ ಆಯಿತು. ಎಲ್ಲರೂ ಐದು ಚುಕ್ಕಿ ಒತ್ತಿದರು. ನಮ್ಮವ್ವ ಪುಟ್ಟಮಾದಮ್ಮನೂ ಒತ್ತಿ ಬಂದಳು.

ಬರೆಯಲು ಬರುವವರು ಎರಡು ಸಾಲು ಬರೆದಿದ್ದರು. ‘ಹುಡುಗಿ ಬಹಳ ಒಳ್ಳೆಯವಳು’ ಎಂದು ಒಬ್ಬರು. ‘ಊರಿಗೇ ಹೆಮ್ಮೆ, ಚಾರ್ಜ್ ಇಲ್ಲದ ಕಾರಣ ಇನ್ನೂ ಆಡಿಲ್ಲ’ ಎಂದು ಇನ್ನೊಬ್ಬರು. ಮಾದೇವ ತನ್ನ ಫೋನಿನಲ್ಲಿ ‘ಶುಭ ಕೋರುವವರು: ಮಾದೇವ ಮತ್ತು ಕುಟುಂಬ ವರ್ಗ’ ಎಂದು ಹಾಕಿದ್ದ.

ಮರುದಿನ ಮಧ್ಯಾಹ್ನ ರಾಚಮ್ಮ ಸಂತೆ ಚೀಲದ ಸಮೇತ ಅಂಗಡಿಗೆ ಬಂದಳು.

“ಏನ್ಲಾ ಸಿದ್ದಾರ್ಥ, ಊರೆಲ್ಲ ಬಂದು ಒತ್ತಿ ಹೋದ್ರು. ನಿಂದೊಂದ್ ಬಾಕಿ ಕಣ್ಲಾ.”

“ಆಡ್ತಾ ಇವ್ನಿ ಚಿಕ್ಕವ್ವ. ಮುಗುದ್ ಮೇಲೆ ಬರೀತೀನಿ.”

“ಆಡಾದ್ ಯಾಕ್ಲಾ? ನಿಮ್ಮವ್ವ ಆಡುದ್ಲಾ? ಒತ್ತುದ್ಲು, ಕಾಪಿ ಕುಡುದ್ಲು, ಎದ್ದೋದ್ಲು.”

ಅಂಗಡಿಯ ಮಾಲೀಕರು ಶಿವಶಂಕರ್ ಕ್ಯಾಷ್ ಟೇಬಲ್ಲಿನಿಂದಲೇ ನಕ್ಕರು. “ಕೊಟ್ಬುಡು ಕಣಯ್ಯಾ. ಚುಕ್ಕಿಗೇನ್ ಜಿಎಸ್‌ಟಿ ಹಾಕ್ತಾರಾ?”

“ಅಂಗ್ ಯೋಳಿ ಬುದ್ದಿ ನೀವಾದ್ರೂ,” ಎಂದು ರಾಚಮ್ಮ ಅವರಿಗೆ ಹೇಳಿ ನನ್ನ ಕಡೆ ತಿರುಗಿದಳು. “ಹೋದೊರ್ಸ ನಿಮ್ಮವ್ವಂಗೆ ಸೊಪ್ಪು ಕಟ್ಟಕ್ಕೆ ಆಳೇ ಸಿಗ್ನಿಲ್ಲ. ಬಂದೋಳ್ ಯಾರು? ಬ್ಯಾರನ್ ತುಂಬೋಗಂಟ ಕೂತ್ಕಂಡ್ ಕಟ್ನಿಲ್ವಾ ನಾನು? ಆ ಮುಯ್ಯಿ ಇನ್ನೂ ಅಂಗೇ ಅದೆ. ಐದ್ ಚುಕ್ಕಿ ಒತ್ತಿ ತೀರುಸ್ಬುಡು.”

“ಅವತ್ತು ಕಟ್ಟೋವಾಗ ನೀನು ಕೊಳ್ತ ಸೊಪ್ಪ ಆಯ್ದು ಬಿಸಾಕ್ನಿಲ್ವಾ ಚಿಕ್ಕವ್ವ? ನಾನೂ ಅಂಗೇ ನೋಡ್ಬುಟ್ಟು...”

“ಓಹೋ! ನನ್ ಮಗಳ ಆಟ ಕೊಳ್ತ ಸೊಪ್ಪಾ?”

ಅಂಗಡಿಯಲ್ಲಿದ್ದ ಗಿರಾಕಿಗಳೂ ನಕ್ಕರು. ನಾನು ಹೇಳಬೇಕೆಂದಿದ್ದದ್ದು ಅದಾಗಿರಲಿಲ್ಲ. ಚೀಲ ಎತ್ತಿಕೊಂಡು ಹೋಗುವಾಗ ಅವಳು ಹಿಂತಿರುಗಿ ಹೇಳಿದಳು: “ನಾಳಿಕೆ ನೋಡ್ತೀನಿ ಕಣ್ಲಾ. ಇಲ್ದಿದ್ರೆ ಇನ್ನೊಂದ್ ಸತಿ ನಿಮ್ ಸೊಪ್ಪು ನೀವೇ ಕಟ್ಕಳಿ.”

ಆ ವಾರ ಆಟ ಮುಗಿಸಿದೆ. ಮೊದಲ ಹತ್ತು ಹಂತಗಳಲ್ಲಿ ಹೇಳುವಂಥ ದೋಷವಿರಲಿಲ್ಲ. ಹನ್ನೊಂದನೆಯದರಲ್ಲಿ, ಹುಡುಗಿ ನೆಲ ಚಾವಣಿ ಎರಡನ್ನೂ ಮುಟ್ಟದೆ ನಡುವೆ ಇರುವಾಗಲೇ ಗುರುತ್ವ ತಿರುಗಿಸಬೇಕು. ಕೆಲವು ಸಲ ತಿರುಗುತ್ತಿತ್ತು, ಕೆಲವು ಸಲ ಇಲ್ಲ. ಮೊದಲು ನನ್ನ ಬೆರಳಿನ ಬೆವರೆಂದುಕೊಂಡೆ. ಅಂಗಡಿಗೆ ರಿಪೇರಿಗೆ ಬಂದು ಮುಗಿದಿದ್ದ ಬೇರೆ ಎರಡು ಫೋನುಗಳಲ್ಲಿ, ಅವುಗಳ ಮಾಲೀಕರನ್ನು ಕೇಳಿ, ಆಡಿ ನೋಡಿದೆ. ಅಲ್ಲಿಯೂ ಹಾಗೆಯೇ. ಸ್ಟೋರಿನಲ್ಲಿ ಹೀಗೆ ಬರೆದೆ:

‘ಬ್ಯಾರನ್ ಒಳಗಿನ ಜಗತ್ತನ್ನು ಇಷ್ಟು ಚೆನ್ನಾಗಿ ಯಾವ ಆಟದಲ್ಲೂ ಕಂಡಿಲ್ಲ. ತಲೆಕೆಳಗಾದಾಗ ಜಡೆ ತಡವಾಗಿ ಬೀಳುವುದನ್ನು ನೋಡಲೆಂದೇ ಆಡಬಹುದು. ಆದರೆ ಹನ್ನೊಂದನೆಯ ಹಂತದಿಂದ ಮುಂದೆ ಆಟ ಕೆಲವೊಮ್ಮೆ ಬೆರಳಿನ ಮಾತು ಕೇಳುವುದಿಲ್ಲ. ಬಿದ್ದದ್ದು ನಮ್ಮ ತಪ್ಪಿನಿಂದಲೋ ಆಟದ ತಪ್ಪಿನಿಂದಲೋ ತಿಳಿಯದಿದ್ದರೆ ಮತ್ತೆ ಏಳುವ ಮನಸ್ಸಾಗುವುದಿಲ್ಲ. ಸರಿಪಡಿಸಿದರೆ ಇದು ಬೇರೆಯೇ ಆಟವಾಗುತ್ತದೆ.’

ಮೂರು ಚುಕ್ಕಿ ಕೊಟ್ಟೆ.

ಕೆಲವು ದಿನಗಳ ನಂತರ ಊರಿನವರ ಚುಕ್ಕಿಗಳೆಲ್ಲ ಮಾಯವಾದವು. ಒಂದೇ ಬೆಳಿಗ್ಗೆ, ಒಂದೇ ಮನೆಯ ವೈಫೈನಿಂದ, ಆಟವನ್ನೇ ತೆರೆಯದ ಅಷ್ಟೊಂದು ಫೋನುಗಳಿಂದ ಬಂದದ್ದನ್ನು ಸ್ಟೋರಿನವರು ಸುಳ್ಳು ವಿಮರ್ಶೆ ಎಂದು ತೆಗೆದಿರಬೇಕು. ಉಳಿದದ್ದು ನನ್ನದೊಂದೇ. ಆಟದ ಹೆಸರಿನ ಕೆಳಗೆ ಮೂರು ಎಂಬ ಅಂಕಿ, ಅದರ ಕೆಳಗೆ ನನ್ನ ಉದ್ದನೆಯ ಬರಹ.

ಹಳ್ಳಿಯಲ್ಲಿ ಇದನ್ನು ಬೇರೆ ರೀತಿ ತಿಳಿದರು. ಎಲ್ಲರ ಮುಯ್ಯಿಯನ್ನು ಅಳಿಸಿ ತನ್ನದೊಂದನ್ನೇ ಉಳಿಸಿಕೊಳ್ಳುವ ಉಪಾಯ ಮೊಬೈಲ್ ಅಂಗಡಿಯವನಿಗೆ ಗೊತ್ತಿರುತ್ತದೆ ಎಂದರು. ನಮ್ಮವ್ವ ಏನೂ ತಿಳಿಯದವಳಂತೆ, ಸೊಪ್ಪಿನ ಮುಯ್ಯಿ ತೀರಿಸಲು ರಾಚಮ್ಮನ ರಾಗಿ ಹೊಲಕ್ಕೆ ಕಳೆ ಕೀಳಲು ಹೋದಳು. ರಾಚಮ್ಮ ಬದುವಿನ ಮೇಲೇ ತಡೆದು, “ಬ್ಯಾಡ ಹೋಗವ್ವ, ನಿನ್ ಮಗ ತೀರ್ಸವ್ನೆ,” ಎಂದಳಂತೆ. ಮುಯ್ಯಿ ಬರಲಿಲ್ಲವೆಂದು ಜಗಳವಾಗುವುದನ್ನು ಕಂಡಿದ್ದೇನೆ. ಬಂದ ಮುಯ್ಯಾಳನ್ನು ಹೊಲದಿಂದ ವಾಪಸು ಕಳಿಸಿದ್ದನ್ನು ಕೇಳಿದ್ದು ಅದೇ ಮೊದಲು. ಅವ್ವ ಮನೆಗೆ ಬಂದು ಕುಡುಗೋಲನ್ನು ಸೂರಿಗೆ ಸಿಕ್ಕಿಸಿ, “ಅದೇನ್ ಓದಿದ್ಯೋ ಸಂಜೆ ಹೊತ್ತು,” ಎಂದಳು.

ಮಾರನೆಯ ದಿನ ಗಾರ್ಮೆಂಟ್ಸ್ ಬಿಟ್ಟು ಬರುವಾಗ ನಂದಿತಾ ಬಸ್ ಬದಲಿಸಲು ಹುಣಸೂರಿನಲ್ಲಿ ಇಳಿದವಳು ಅಂಗಡಿಗೆ ಬಂದಳು. ಬೈಯಲು ಬಂದಳೆಂದುಕೊಂಡೆ.

“ಅಣ್ಣ, ನಿನ್ ಫೋನ್ ಕೊಡು. ಹನ್ನೊಂದ್ನೇದು ತೋರ್ಸು.”

ತೋರಿಸಿದೆ. ಅವಳು ನಿಂತೇ ಆಡಿದಳು. ಬಿದ್ದಳು. ಮತ್ತೆ ಆಡಿದಳು. ಆಮೇಲೆ ಪರದೆಯನ್ನು ಕಣ್ಣಿನ ಹತ್ತಿರ ಹಿಡಿದು, ಹುಡುಗಿಯನ್ನು ಬೇಕೆಂದೇ ಬೀಳಿಸುತ್ತ ನೋಡಿದಳು.

“ಥೂ. ಜಡೆ ಕಣಣ್ಣ.”

“ಜಡೆ ಏನು?”

“ಜಡೆ ಬಿದ್ದು ನಿಲ್ಲೋಗಂಟ ಅದು ಇನ್ನೊಂದ್ ಸಲ ಒತ್ತಿದ್ದ ಕೇಳುಸ್ಕೊಳ್ತಿಲ್ಲ. ಜಡೇನೂ ಮೈನೂ ಒಟ್ಟಿಗೆ ಕಟ್ಟಾಕ್ಬುಟ್ಟಿವ್ನಿ. ಆಡೋವಾಗ ನಂಗೆ ಕೈ ರೂಢಿಯಾಗಿ ಗೊತ್ತೇ ಆಗ್ನಿಲ್ಲ.”

ನಾನು ಹೊಗಳಿದ್ದೂ ದೂರಿದ್ದೂ ಒಂದೇ ಜಾಗದಿಂದ ಬಂದಿತ್ತು. ಸರಿಹೋಗುತ್ತದೆಯೇ ಎಂದು ಕೇಳಿದೆ. ಎರಡು ದಿನದ ಕೆಲಸ ಎಂದಳು. ಫೋನನ್ನು ಕೌಂಟರಿನ ಮೇಲಿಟ್ಟಳು. ಹೋಗಲಿಲ್ಲ.

“ಶುಕ್ರವಾರ ಮೈಸೂರಿಗೆ ಹೋಗ್ಬೇಕು. ತೋರ್ಸಕ್ಕೆ ಇರೋದು ನಿಂದೊಂದೇ. ಗುರುತಿಲ್ದೋರು ಬರ್ದಿರೋದು ಅಂತ ಹೇಳ್ಬೌದಾ ಅಣ್ಣ?”

“ನಾನು ನಿಂಗೆ ಗುರುತಿರೋನೇ ಅಲ್ವಾ.”

“ಅದು ಗೊತ್ತು. ಬರೀವಾಗ ಯಾರೋ ಗುರುತಿಲ್ದೋಳ ಆಟ ಅಂತ ಬರ್ದ್ಯಾ, ನನ್ ಆಟ ಅಂತ ಬರ್ದ್ಯಾ?”

ಸುಳ್ಳು ಹೇಳಲು ಸಮಯ ಸಿಗಲಿಲ್ಲ. “ಮೊದ್ಲು ನಾಕು ಒತ್ತಿದ್ದೆ,” ಎಂದೆ. “ಆಮೇಲೆ ನಿಮ್ಮವ್ವ ಮುಯ್ಯಿ ಅಂದಿದ್ದು ನೆಪ್ಪಾಯ್ತು. ಅದುಕ್ಕೇ ಒಂದು ಜಾಸ್ತಿ ಬಂದಿರ್ಬೋದು ಅಂತ ಇಳ್ಸುದೆ.”

ನಂದಿತಾ ಗಾಜಿನೊಳಗಿನ ಫೋನ್ ಕವರುಗಳನ್ನು ನೋಡುತ್ತಲೇ ಕೇಳಿದಳು.

“ಅಂದ್ರೆ, ಆ ಕಿತ್ಕೊಂಡ್ಯಲ್ಲ ಒಂದು, ಅದು ಆಟದ್ದಾ, ನಮ್ಮವ್ವಂದಾ?”

ಹನಗೋಡಿನ ಬಸ್ ಹಾರನ್ ಹೊಡೆಯಿತು. ಅವಳು ಓಡಿದಳು.

ಶುಕ್ರವಾರದ ವಿಷಯವನ್ನು ಅವಳೇ ಆಮೇಲೆ ಹೇಳಿದಳು. ಕಂಪನಿಯವರ ಮುಂದೆ ಸರಿಪಡಿಸಿದ ಆಟವನ್ನಿಟ್ಟು, ನನ್ನ ವಿಮರ್ಶೆಯನ್ನೂ ತೋರಿಸಿ, ಬರೆದವನು ತನ್ನ ಬೀದಿಯವನೇ ಎಂದು ಮೊದಲೇ ತಿಳಿಸಿದಳಂತೆ. ಊರಿನ ಜಗಲಿಯಲ್ಲಿ ನಡೆದದ್ದನ್ನೂ ಮುಚ್ಚಿಡಲಿಲ್ಲ. ಅವರು ನಕ್ಕರು. ಆಡಿ ನೋಡಿ, ಜಡೆಯನ್ನು ಹೇಗೆ ಮಾಡಿದೆ ಎಂದು ಬಹಳ ಹೊತ್ತು ಕೇಳಿದರು. ವಾರದ ಮೇಲೆ ಫೋನ್ ಮಾಡಿ, ಆ ಜಾಗಕ್ಕೆ ಬೇರೆಯವರನ್ನು ತೆಗೆದುಕೊಂಡಿದ್ದೇವೆ, ಮುಂದೆ ಇದ್ದರೆ ಕರೆಯುತ್ತೇವೆ ಎಂದರು. ಕಾರಣ ಹೇಳಲಿಲ್ಲ. ಅವಳು ಕೇಳಲೂ ಇಲ್ಲ.

“ಅವ್ವಂಗೆ ಹೇಳ್ಬೇಡ, ನಿನ್ನಿಂದಾನೇ ಹೋಯ್ತು ಅಂತಾಳೆ,” ಎಂದಳು.

“ನೀನು?”

“ನಂಗೊತ್ತಿಲ್ಲ ಕಣಣ್ಣ,” ಎಂದಳು. ಕೋಪದಲ್ಲಿ ಹೇಳಿದಂತೆ ಕಾಣಲಿಲ್ಲ. ಸಮಾಧಾನಕ್ಕೆ ಹೇಳಿದಂತೆಯೂ ಕಾಣಲಿಲ್ಲ.

ಅವಳು ಈಗಲೂ ಬಿಳಿಕೆರೆಯ ಕಡೆಗೆ ಹೋಗಿ ಬರುತ್ತಾಳೆ. ರಜೆಯಲ್ಲಿ ಇನ್ನೊಂದು ಆಟಕ್ಕೆ ಕೈ ಹಾಕಿದ್ದಾಳೆಂದು ಮಾದೇವ ಹೇಳಿದ. ‘ತಲೆಕೆಳಗು’ ಆಟಕ್ಕೆ ಎಲ್ಲೆಲ್ಲಿಂದಲೋ ಗುರುತಿಲ್ಲದವರ ಚುಕ್ಕಿಗಳು ಒಂದೊಂದಾಗಿ ಬರುತ್ತಿವೆ. ಈ ವರ್ಷ ನಮ್ಮ ಸೊಪ್ಪು ಕಟ್ಟಲು ರಾಚಮ್ಮ ಬರಲಿಲ್ಲ. ನಾನೇ ರಜೆ ಹಾಕಿ ಅವ್ವನ ಜೊತೆ ಕೂತು ಕಟ್ಟಿದೆ.

ಸರಿಪಡಿಸಿದ ‘ತಲೆಕೆಳಗು’ ಆಟವನ್ನು ಮತ್ತೆ ಕೊನೆಯವರೆಗೂ ಆಡಿದ್ದೇನೆ. ಬೆರಳಿನ ಮಾತು ಕೇಳುತ್ತದೆ, ಜಡೆಯೂ ಮೊದಲಿನ ಹಾಗೆಯೇ ತಡೆದು ಬೀಳುತ್ತದೆ. ಕೊಟ್ಟ ಚುಕ್ಕಿಯನ್ನು ಬದಲಿಸಲು ಸ್ಟೋರಿನಲ್ಲಿ ಅವಕಾಶವಿದೆ. ನಾಲ್ಕು ಮಾಡಬೇಕೋ ಐದೋ ಎಂದು ಆಗಾಗ ತೆರೆದು ನೋಡಿ ಮುಚ್ಚುತ್ತೇನೆ. ನಂದಿತಾಳನ್ನು ಕಂಡೇ ಇರದಿದ್ದರೆ ಮೊದಲ ಸಲ ಎಷ್ಟು ಕೊಡುತ್ತಿದ್ದೆ ಎಂಬುದು ನನಗೆ ಗೊತ್ತಿಲ್ಲ. ಆಗ ನಾಲ್ಕು ಇದ್ದಿದ್ದರೆ ಅವಳಿಗೆ ಆ ಕೆಲಸ ಸಿಗುತ್ತಿತ್ತೇ ಎಂಬುದೂ ಗೊತ್ತಿಲ್ಲ.