ಒಂಬತ್ತನೇ ರೀಲು

ಆ ಹಳೆಯ ಹಿಂದಿ ಚಿತ್ರವನ್ನು ಆಪರೇಟರು ಎಷ್ಟು ಸಲ ಓಡಿಸಿದ್ದರೋ ಅವರಿಗೇ ನೆನಪಿರಲಿಲ್ಲ. ಯುವರಾಜನೊಬ್ಬ ಹೂ ಮಾರುವ ಹುಡುಗಿಗೆ ಮನಸೋಲುವ ಕಥೆ. ಹನ್ನೊಂದು ರೀಲು, ರೀಲಿಗೊಂದು ಹಾಡು. ಕೊನೆಯ ರೀಲಿನಲ್ಲಿ ಮುದಿರಾಜ ಕಿರೀಟ ತೆಗೆದಿಟ್ಟು, ಬರಿಗಾಲಲ್ಲಿ ಹುಡುಗಿಯ ಗುಡಿಸಲಿಗೆ ನಡೆದು ಬರುತ್ತಾನೆ. ಪ್ರತಿ ಸಲವೂ ಆಪರೇಟರು ಪ್ರೊಜೆಕ್ಟರಿನ ಪಕ್ಕ ನಿಂತು ಗಳಗಳ ಅಳುತ್ತಿದ್ದರು. ಪರದೆಯ ಮೇಲಿನ ಬಡವರಿಗಾಗಿ ಅಳುವುದು ಸುಲಭದ ಕೆಲಸ ನೋಡಿ.

ಇಂಥ ಮೆತ್ತನೆಯ ಮನುಷ್ಯರು ಆ ದಿನ ಬೆಳಗ್ಗೆ ಮಾಡಿದ್ದೇನು? ಥಿಯೇಟರಿನ ಕಸ ಗುಡಿಸುವ ಅಕ್ಕನ ಮಗ, ಲಿಫ್ಟ್ ರಿಪೇರಿ ಮಾಡುವವನು, ಇಸ್ತ್ರಿ ಮಾಡಿದ ಅಂಗಿ ತೊಟ್ಟು ಅವರ ಮಗಳನ್ನು ಮದುವೆಗೆ ಕೇಳಲು ಬಂದಿದ್ದ. ಮನೆಯಲ್ಲಿ ಎರಡು ಕುರ್ಚಿ. ಒಂದರಲ್ಲಿ ಆಪರೇಟರು ಕೂತಿದ್ದರು, ಇನ್ನೊಂದರ ಮೇಲೆ ಪೇಪರು ಇತ್ತು. ಪೇಪರು ಎತ್ತಲಿಲ್ಲ. ಹುಡುಗ ಹೊಸ್ತಿಲಾಚೆ ನಿಂತೇ ಮಾತು ಮುಗಿಸಿದ.

"ಅರಮನೆ ದೀಪಕ್ಕೆ ಬೀದಿ ಎಣ್ಣೆ ಹಾಕೋಕಾಗಲ್ಲ. ನೀನು ಹೊರಡು," ಎಂದರು ಆಪರೇಟರು.

"ಆಯ್ತು ಸಾರ್," ಎಂದು ಅವನು ಮೆಟ್ಟಿಲಿಳಿದು ಹೋದ.

ಅಡುಗೆಮನೆಯಿಂದ ಮಗಳು ಹೊರಗೆ ಬಂದಳು. "ಅಪ್ಪ, ಅದು ರಾಜನ ಡೈಲಾಗು. ಒಂಬತ್ತನೇ ರೀಲು."

ಆಪರೇಟರು ಕಣ್ಣು ಪಿಳಿಪಿಳಿ ಬಿಟ್ಟರು. ಹೌದು, ಹುಡುಗಿಯನ್ನು ಆಸ್ಥಾನದಿಂದ ಹೊರಗೆ ಹಾಕುವಾಗ ರಾಜ ಆಡುವ ಮಾತು, ಹಿಂದಿ ಹೋಗಿ ಕನ್ನಡವಾಗಿತ್ತು, ಅಷ್ಟೇ.

"ಎರಡು ರೂಮಿನ ಮನೆಗೆ ಅರಮನೆ ಅಂತೀರಿ. ಹದಿನೆಂಟು ವರ್ಷದಿಂದ ಅವರನ್ನ ಅಕ್ಕ, ಅಕ್ಕ ಅಂತೀರಿ. ಅಕ್ಕನ ಮಗ ಬಂದ್ರೆ ಬಾಗಿಲಲ್ಲೇ ನಿಲ್ಲಿಸ್ತೀರಿ. ನೀವೇ ಹೋಗಿ ಅವರನ್ನ ಕರೀಬೇಕು. ಅಲ್ಲೀವರೆಗೂ ನನ್ನ ಮಾತಾಡಿಸ್ಬೇಡಿ."

ಹೇಳಿದವಳು ಪಾತ್ರೆ ಕುಕ್ಕುತ್ತಾ ತೊಳೆಯತೊಡಗಿದಳು. ಆಪರೇಟರು ಊಟದ ಡಬ್ಬಿಯನ್ನೂ ತೆಗೆದುಕೊಳ್ಳದೆ ಕೆಲಸಕ್ಕೆ ಹೊರಟರು.

ಮಧ್ಯಾಹ್ನದ ಆಟಕ್ಕೆ ಅದೇ ಚಿತ್ರ. ಎಂಟು ರೀಲು ಸರಿಯಾಗಿಯೇ ಓಡಿತು. ಆಮೇಲೆ ಅವರ ಕೈ ಯಾವ ಡಬ್ಬಿಗೆ ಹೋಯಿತೋ, ಒಂಬತ್ತನೆಯದರ ಬದಲು ಹನ್ನೊಂದನೆಯದು ಯಂತ್ರಕ್ಕೇರಿತು. ಯಾರನ್ನೂ ಇನ್ನೂ ಗದರಿಸಿಯೂ ಇಲ್ಲದ ರಾಜ ಬರಿಗಾಲಲ್ಲಿ ಗುಡಿಸಲಿಗೆ ಬಂದು, "ತಪ್ಪು ನನ್ನದು ಮಗಳೇ" ಎಂದು ಕೈಮುಗಿದ.

"ಮೊದ್ಲು ತಪ್ಪು ಮಾಡಯ್ಯ, ಆಮೇಲೆ ಕ್ಷಮೆ ಕೇಳು," ಎಂದು ಮುಂದಿನ ಸಾಲಿನಿಂದ ಯಾರೋ ಕೂಗಿದರು. ಇಡೀ ಥಿಯೇಟರು ಬಿದ್ದು ಬಿದ್ದು ನಕ್ಕಿತು. ಕ್ಯಾಬಿನ್ನಿನಲ್ಲಿ ಒಬ್ಬರೇ ಇದ್ದ ಆಪರೇಟರು ತಲೆ ತಗ್ಗಿಸಿ ಯಂತ್ರ ನಿಲ್ಲಿಸಿದರು. ತಪ್ಪು ಬೆಳಗ್ಗೆಯೇ ಆಗಿಹೋಗಿತ್ತಲ್ಲ.

ರೀಲು ಬದಲಿಸುವಷ್ಟರಲ್ಲಿ ಅಕ್ಕ ಏದುಸಿರು ಬಿಡುತ್ತಾ ಮೇಲೆ ಬಂದರು. "ಮ್ಯಾನೇಜರ್ ಕೂಗಾಡ್ತಿದ್ರು ಅಣ್ಣ. ಧೂಳು ಒರೆಸುವಾಗ ಡಬ್ಬಿಗಳನ್ನ ನಾನೇ ಹಿಂದುಮುಂದು ಇಟ್ಟೆ ಅಂತ ಹೇಳ್ಬಿಟ್ಟೆ. ನೀವು ತಲೆ ಕೆಡಿಸ್ಕೋಬೇಡಿ."

ಡಬ್ಬಿಗಳ ಮೇಲೆ ಅಂಗೈಯಗಲದ ನಂಬರುಗಳಿವೆ. ಅವನ್ನು ಓದಬೇಕಾದವರು ಆಪರೇಟರು. "ಬೇಡ ಅಕ್ಕ, ನಾನೇ ಹೇಳ್ತೀನಿ" ಎನ್ನಲು ಎಷ್ಟು ಹೊತ್ತು ಬೇಕು? ಅವರು ಯಂತ್ರದ ಕಡೆ ತಿರುಗಿದರು. ಅಕ್ಕ ಕೆಳಗಿಳಿದ ಮೇಲೆ ಟಿಕೆಟ್ ಕಿಟಕಿಯ ಬಳಿ, ನಿಂತ ಜನರೆದುರಿಗೆ, ಮ್ಯಾನೇಜರು ಅಕ್ಕನನ್ನು ಬಾಯಿಗೆ ಬಂದ ಹಾಗೆ ಬೈಯುವುದು ಮೇಲಿನವರೆಗೂ ಕೇಳಿಸುತ್ತಿತ್ತು. ಆಪರೇಟರು ಕೇಳಿಸಿಕೊಳ್ಳುತ್ತಲೇ ಒಂಬತ್ತನೇ ರೀಲು ಓಡಿಸಿದರು. ರಾಜನ ಆ ಮಾತು ಬಂದಾಗ ಧ್ವನಿ ತಗ್ಗಿಸಿದರು. ಅಂದು ಕೊನೆಯ ರೀಲಿಗೆ ಅವರು ಅಳಲಿಲ್ಲ. ಅಳುವುದಕ್ಕೂ ನಾಚಿಕೆಯಾಯಿತು.

ಸಂಜೆ ಬೇರೆಯವರ ಪಾಳಿ ಶುರುವಾದ ಮೇಲೆ ಅವರು ಕೇಳಿಕೊಂಡು ಕೇಳಿಕೊಂಡು ಅಕ್ಕನ ಮನೆ ಹುಡುಕಿದರು. ಹದಿನೆಂಟು ವರ್ಷದ ಅಕ್ಕ, ಮನೆ ಎಲ್ಲಿದೆ ಎಂಬುದೂ ಗೊತ್ತಿರಲಿಲ್ಲ. ಬಾಗಿಲು ತೆರೆದವನು ಅದೇ ಹುಡುಗ. ಒಂದು ಕ್ಷಣ ಅವರನ್ನು ನೋಡಿದ. ಆಮೇಲೆ ಒಳಗಿಂದ ಮನೆಯ ಒಂದೇ ಕುರ್ಚಿ ತಂದು, ಬಟ್ಟೆಯಿಂದ ಒರೆಸಿ ಹೊಸ್ತಿಲೊಳಗೆ ಹಾಕಿದ.

"ಕೂತ್ಕೊಳಿ ಅಣ್ಣ," ಎಂದು ಅಕ್ಕ ಕುರ್ಚಿಯ ಬೆನ್ನು ಹಿಡಿದು ನಿಂತರು. "ಡಬ್ಬಿ ವಿಷಯ ಹೇಳೋಕೆ ಬಂದ್ರಾ? ಅದೇನು ದೊಡ್ಡದು ಬಿಡಿ. ಬೆಳಗ್ಗೆ ಇವನನ್ನ ಕೂರಿಸಿ, ಮನೆ ಮಗನ ಥರ ಮಾತಾಡಿಸಿದ್ರಂತೆ. ಯೋಚನೆ ಮಾಡಿ ಹೇಳ್ತೀನಿ ಅಂದ್ರಂತೆ. ನೀವು ಏನು ಹೇಳಿದ್ರೂ ಸರಿ, ಅಷ್ಟು ಮರ್ಯಾದೆ ಕೊಟ್ರಲ್ಲ. ಅಂಥವರಿಗೋಸ್ಕರ ನಾಲ್ಕು ಬೈಗುಳ ತಿಂದ್ರೆ ಏನು."

ಹುಡುಗ ನೆಲ ನೋಡುತ್ತಿದ್ದ. ತಾಯಿಯ ಮನಸ್ಸು ನೋಯಬಾರದೆಂದು ಅವನು ಹೇಳಿದ ಸುಳ್ಳು ಆಪರೇಟರಿಗೆ ಕಪಾಳಕ್ಕೆ ಬಾರಿಸಿದಂತಾಯಿತು. ಸುಮ್ಮನೆ ಕೂತುಬಿಟ್ಟಿದ್ದರೆ ಸಾಕಿತ್ತು. ಸುಳ್ಳೇ ನಿಜವಾಗಿ ಉಳಿಯುತ್ತಿತ್ತು, ಮಗಳೂ ಮಾತಾಡುತ್ತಿದ್ದಳು. ದಾರಿಯುದ್ದಕ್ಕೂ ಕೊನೆಯ ರೀಲಿನ ರಾಜನ 'ತಪ್ಪು ನನ್ನದು' ಎಂಬ ಮಾತನ್ನೇ ಉರು ಹೊಡೆದುಕೊಂಡು ಬಂದಿದ್ದರು. ಈಗ ಅದು ಬೇಡವಾಯಿತು.

"ನಾನು ಇವನನ್ನ ಕೂರಿಸ್ಲಿಲ್ಲ ಅಕ್ಕ," ಎಂದರು. "ಬಾಗಿಲಾಚೆ ನಿಲ್ಲಿಸಿ, ಬೀದಿಯವನು ಅಂದು ಕಳಿಸ್ದೆ. ಇನ್ನೊಂದು ಕುರ್ಚಿ ಮೇಲೆ ಬರೀ ಪೇಪರು ಇತ್ತು."

ಅಕ್ಕ ಮಗನ ಮುಖ ನೋಡಿದರು. ಅವನು ತಲೆ ಎತ್ತಲಿಲ್ಲ. ಕುರ್ಚಿಯ ಬೆನ್ನ ಮೇಲಿದ್ದ ಕೈಯನ್ನು ಅಕ್ಕ ಮೆಲ್ಲಗೆ ತೆಗೆದರು. ಕೂತುಕೊಳ್ಳಿ ಎಂದು ಮತ್ತೆ ಯಾರೂ ಹೇಳಲಿಲ್ಲ. ಆಪರೇಟರು ಹೊಸ್ತಿಲಾಚೆ ನಿಂತೇ ಇದ್ದರು.